ಮನೆಯೊಳಗಿನ ಗಿಡಕ್ಕೆ ಬೆಳಕು ನೋಡಿ ನೀರು ಹಾಕಿ

ಮನೆಯೊಳಗೆ ಇಟ್ಟ ಗಿಡ ಸತ್ತರೆ ಎಲ್ಲರ ಬಾಯಲ್ಲೂ ಬರುವುದು ನೀರಿನ ಮಾತೇ. ಕಮ್ಮಿ ಆಯ್ತು, ಇಲ್ಲ ಜಾಸ್ತಿ ಆಯ್ತು. ಬೆಳಕಿನ ವಿಷಯ ಯಾರೂ ಎತ್ತುವುದಿಲ್ಲ. ಆದರೆ ಗಿಡ ಎಷ್ಟು ನೀರು ಕುಡಿಯುತ್ತದೆ ಎಂಬುದು ಅದಕ್ಕೆ ಎಷ್ಟು ಬೆಳಕು ಸಿಗುತ್ತದೆ ಎಂಬುದರ ಮೇಲೆ ನಿಂತಿದೆ. ಕಿಟಕಿಯ ಪಕ್ಕದಲ್ಲಿದ್ದಾಗ ನಾಲ್ಕು ದಿನಕ್ಕೆ ಒಣಗುತ್ತಿದ್ದ ಕುಂಡವನ್ನೇ ಟಿವಿ ಪಕ್ಕದ ಮೂಲೆಗೆ ಸರಿಸಿ ನೋಡಿ, ಎರಡು ವಾರವಾದರೂ ಮಣ್ಣು ಹಸಿಯಾಗಿಯೇ ಇರುತ್ತದೆ. ಅದೇ ಅಭ್ಯಾಸದಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಹಾಕುತ್ತಾ ಹೋದರೆ ಬೇರು ಕೊಳೆಯುತ್ತದೆ. ಆಮೇಲೆ 'ನಮ್ಮ ಕೈಗೆ ಗಿಡ ಆಗಿಬರಲ್ಲ' ಅಂತ ಕೈಬಿಡುತ್ತೇವೆ. ಕೈಯ ತಪ್ಪು ಏನೂ ಇಲ್ಲ, ಜಾಗ ಬದಲಾದಾಗ ನೀರಿನ ಲೆಕ್ಕ ಬದಲಾಗಲಿಲ್ಲ, ಅಷ್ಟೇ.

ಹಾಗಾಗಿ ಗಿಡ ತರುವ ಮೊದಲು ಮನೆಯ ಬೆಳಕು ನೋಡಿಕೊಳ್ಳಿ. ನಮ್ಮ ಕಣ್ಣು ಇದರಲ್ಲಿ ಬಹಳ ಮೋಸ ಮಾಡುತ್ತದೆ, ಕತ್ತಲೆಗೆ ಬೇಗ ಹೊಂದಿಕೊಂಡು ಎಲ್ಲ ಕೋಣೆಯೂ ಬೆಳಕಾಗಿದೆ ಅನ್ನಿಸುವಂತೆ ಮಾಡಿಬಿಡುತ್ತದೆ. ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ. ಹೊರಗೆ ನೇರ ಬಿಸಿಲಲ್ಲಿ ಸುಮಾರು ಒಂದು ಲಕ್ಷ ಲಕ್ಸ್ ಬೆಳಕು ಇರುತ್ತದೆ. ಮೋಡ ಕವಿದ ದಿನ ಬಯಲಲ್ಲಿ ಹತ್ತು ಸಾವಿರದ ಆಸುಪಾಸು. ಅದೇ ಹೊತ್ತಿಗೆ ಅಪಾರ್ಟ್‌ಮೆಂಟಿನ ಹಾಲ್ ನಡುವೆ ನೂರು, ಇನ್ನೂರು ಇದ್ದರೆ ದೊಡ್ಡದು. ಮೊಬೈಲಿಗೆ ಪುಕ್ಕಟೆ ಲಕ್ಸ್ ಮೀಟರ್ ಆ್ಯಪ್ ಸಿಗುತ್ತದೆ. ಅದು ಪ್ರಯೋಗಾಲಯದಷ್ಟು ನಿಖರ ಅಲ್ಲ, ಆದರೆ ಈ ಮೂಲೆಗೂ ಆ ಮೂಲೆಗೂ ಎಷ್ಟು ಅಂತರ ಅನ್ನುವುದು ಗೊತ್ತಾಗಲು ಸಾಕು. ಆ್ಯಪ್ ಬೇಡ ಅಂದರೆ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗಿಡ ಇಡಬೇಕೆಂದ ಜಾಗದಲ್ಲಿ ಬಿಳಿ ಹಾಳೆ ಇಟ್ಟು ಅದರ ಮೇಲೆ ಒಂದು ಗೇಣಿನಷ್ಟು ಎತ್ತರದಲ್ಲಿ ಕೈ ಹಿಡಿಯಿರಿ. ಹಾಳೆಯ ಮೇಲೆ ಬಿದ್ದ ನೆರಳಿನಲ್ಲಿ ಬೆರಳುಗಳ ಅಂಚು ಸ್ಪಷ್ಟವಾಗಿ ಕಂಡರೆ ಒಳ್ಳೆಯ ಬೆಳಕು. ಮಸುಕಾದರೂ ಕೈ ಅಂತ ಗೊತ್ತಾದರೆ ಮಧ್ಯಮ. ನೆರಳೇ ಬೀಳಲಿಲ್ಲ ಅಂದರೆ ಅಲ್ಲಿ ಯಾವ ಗಿಡವೂ ಬೆಳೆಯುವುದಿಲ್ಲ, ಕೆಲವು ತಿಂಗಳು ಸುಮ್ನೆ ಜೀವ ಹಿಡಿದುಕೊಂಡಿರುತ್ತವೆ.

ಇಂಟರ್‌ನೆಟ್ಟಿನಲ್ಲಿ ಓದುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನವರು ಅವರ ಮನೆಗಳಿಗೆ ಬರೆದುಕೊಂಡವು. ಅಲ್ಲಿ ದಕ್ಷಿಣದ ಕಿಟಕಿಯೇ ಬೆಳಕಿನ ಕಿಟಕಿ, ಉತ್ತರದ್ದು ಕತ್ತಲೆಯದು. ನಮ್ಮಲ್ಲಿ ಹಾಗಿಲ್ಲ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಅದಕ್ಕೇ ಮೇ, ಜೂನ್‌ನಲ್ಲಿ ಉತ್ತರದ ಕಿಟಕಿಗೆ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಬೀಳುವುದು. ಡಿಸೆಂಬರ್‌ನಲ್ಲಿ ಬಿಸಿಲು ದಕ್ಷಿಣದ ಕಿಟಕಿಯಿಂದ ಕೋಣೆಯ ಒಳಗಿನವರೆಗೂ ಬರುತ್ತದೆ. ಅಂದರೆ ಒಂದೇ ಕಿಟಕಿ ವರ್ಷದಲ್ಲಿ ಎರಡು ರೀತಿ ಇರುತ್ತದೆ. ಗಿಡವನ್ನೂ ವರ್ಷಕ್ಕೆರಡು ಸಲ ಜಾಗ ಬದಲಿಸಬೇಕಾಗಬಹುದು. ಇದರ ಜೊತೆಗೆ ನಮ್ಮ ಕಿಟಕಿಗಳಿಗೆ ಸಜ್ಜಾ ಇರುತ್ತದೆ, ಗ್ರಿಲ್ ಇರುತ್ತದೆ, ಸೊಳ್ಳೆ ಮೆಶ್ ಇರುತ್ತದೆ, ಹತ್ತು ಅಡಿ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ ಇರುತ್ತದೆ. ಪ್ರತಿಯೊಂದೂ ಬೆಳಕು ತಿನ್ನುತ್ತದೆ. ಧೂಳು ಹಿಡಿದ ಮೆಶ್ ತೊಳೆದರೆ ಆಗುವ ವ್ಯತ್ಯಾಸ ನೋಡಿ, ಗೊಬ್ಬರ ಹಾಕಿದ್ದಕ್ಕಿಂತ ಹೆಚ್ಚು ಲಾಭ ಇದೆ.

ಬೆಳಕೇ ಇಲ್ಲದ ಮನೆಯವರು ಬೇಸರಪಡಬೇಕಾಗಿಲ್ಲ. ನೇರಳೆ ಬಣ್ಣದ ದುಬಾರಿ ಗ್ರೋ ಲೈಟ್ ಬೇಕಾಗಿಲ್ಲ, ಸಾಧಾರಣ ಬಿಳಿ ಎಲ್‌ಇಡಿ ಬಲ್ಬೇ ಕೆಲಸ ಮಾಡುತ್ತದೆ. ಗಿಡದಿಂದ ಒಂದು ಅಡಿ ದೂರದಲ್ಲಿ ಇರಬೇಕು, ದಿನಕ್ಕೆ ಹನ್ನೆರಡು ಗಂಟೆ ಉರಿಯಬೇಕು, ರಾತ್ರಿ ಆರಿರಬೇಕು. 15 ವ್ಯಾಟ್‌ನ ಬಲ್ಬ್ ಹೀಗೆ ಉರಿದರೆ ತಿಂಗಳಿಗೆ ಐದೂವರೆ ಯೂನಿಟ್ ಕರೆಂಟ್ ಆಗುತ್ತದೆ. ಚಾವಣಿಯಲ್ಲಿರುವ ಟ್ಯೂಬ್‌ಲೈಟನ್ನು ನಂಬಬೇಡಿ. ಅಷ್ಟು ದೂರದಿಂದ ಗಿಡಕ್ಕೆ ಏನೂ ತಲುಪುವುದಿಲ್ಲ.

ನೀರು ಹಾಕುವ ಬಗೆ

ವಾರಕ್ಕೆ ಎಷ್ಟು ಸಲ ಅಂತ ಕೇಳುವುದನ್ನು ಮೊದಲು ಬಿಡಬೇಕು. ನರ್ಸರಿಯವರೂ 'ವಾರಕ್ಕೆ ಎರಡು ಸಲ ಹಾಕಿ' ಅಂತ ಹೇಳಿ ಕಳಿಸುತ್ತಾರೆ, ಆದರೆ ನಿಮ್ಮ ಮನೆ ಅವರು ನೋಡಿಲ್ಲ. ಬೆರಳನ್ನು ಎರಡು ಗಿಣ್ಣಿನವರೆಗೆ ಮಣ್ಣಿಗೆ ಇಳಿಸಿ. ಒಳಗೆ ತೇವ ತಾಗಿದರೆ ಇವತ್ತು ಬೇಡ. ಕುಂಡ ಆಳ ಇದ್ದರೆ ಅಗರಬತ್ತಿಯ ಬಿದಿರು ಕಡ್ಡಿಯನ್ನು ತಳದವರೆಗೆ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ, ಕಡ್ಡಿಗೆ ಮಣ್ಣು ಅಂಟಿ ಬಣ್ಣ ಗಾಢವಾಗಿದ್ದರೆ ಒಳಗೆ ಇನ್ನೂ ನೀರಿದೆ. ನನಗೆ ಎಲ್ಲಕ್ಕಿಂತ ಇಷ್ಟ ಕುಂಡವನ್ನು ಎತ್ತಿ ನೋಡುವುದು. ನೀರು ಹಾಕಿದ ದಿನ ಒಮ್ಮೆ ಎತ್ತಿ, ಒಣಗಿದಾಗ ಇನ್ನೊಮ್ಮೆ ಎತ್ತಿ. ಎರಡು ಮೂರು ಸಲ ಹೀಗೆ ಮಾಡಿದರೆ ಭಾರ ಕೈಗೆ ಗೊತ್ತಾಗಿಬಿಡುತ್ತದೆ.

ಹಾಕುವಾಗ ಕಂಜೂಸಿ ಮಾಡಬೇಡಿ. ದಿನಾ ಅರ್ಧ ಲೋಟ ಹಾಕಿದರೆ ಮೇಲಿನ ಮಣ್ಣು ಮಾತ್ರ ನೆನೆಯುತ್ತದೆ, ಕೆಳಗಿನ ಬೇರಿಗೆ ಏನೂ ಸಿಗುವುದಿಲ್ಲ, ಉಪ್ಪಿನಂಶ ಎಲ್ಲ ಮೇಲೆಯೇ ಕೂರುತ್ತದೆ. ಕೆಳಗಿನ ತೂತಿನಿಂದ ಹರಿದು ಬರುವಷ್ಟು ಹಾಕಿ, ಅರ್ಧ ಗಂಟೆ ಬಿಟ್ಟು ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ತೂತಿಲ್ಲದ ಚೆಂದದ ಪಿಂಗಾಣಿ ಕುಂಡ ಗಿಫ್ಟ್ ಬಂದಿದ್ದರೆ ಅದರೊಳಗೆ ನೇರವಾಗಿ ನೆಡಬೇಡಿ, ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು ಅದನ್ನು ಒಳಗೆ ಇಳಿಸಿ.

ಮಳೆಗಾಲ ಅಂದರೆ ಮನೆಗಿಡಗಳಿಗೆ ಕಷ್ಟದ ಕಾಲ. ಹೊರಗಿನ ಗಿಡ ಎಲ್ಲ ಹಸಿರಾಗಿ ಉಕ್ಕುತ್ತಿರುವಾಗ ಒಳಗಿನವು ಹಳದಿಯಾಗುತ್ತವೆ. ಕಾರಣ ಸುಲಭ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡದಿಂದ ಬೆಳಕು ಕಮ್ಮಿ, ಗಾಳಿಯಲ್ಲಿ ತೇವ ಜಾಸ್ತಿ, ಗಿಡ ನೀರು ಎಳೆಯುವುದೇ ಇಲ್ಲ, ನಾವು ಮಾತ್ರ ಬೇಸಿಗೆಯ ಅಭ್ಯಾಸದಲ್ಲೇ ಹಾಕುತ್ತಿರುತ್ತೇವೆ. ಮಂಗಳೂರು, ಉಡುಪಿ ಕಡೆಯವರಿಗೆ ಇದು ಇನ್ನೂ ಕಠಿಣ, ಅಲ್ಲಿ ಆ ತಿಂಗಳುಗಳಲ್ಲಿ ನೀರಿಗಿಂತ ಗಾಳಿ ಆಡುವುದು ಮುಖ್ಯ, ಗಿಡಗಳ ನಡುವೆ ಜಾಗ ಬಿಡಿ, ದಿನಕ್ಕೆ ಸ್ವಲ್ಪ ಹೊತ್ತು ಫ್ಯಾನ್ ಹಾಕಿ. ಕಲಬುರಗಿ, ರಾಯಚೂರಿನಲ್ಲಿ ತೊಂದರೆ ಪೂರ್ತಿ ಉಲ್ಟಾ. ಏಪ್ರಿಲ್, ಮೇ ತಿಂಗಳ ಬಿಸಿಗಾಳಿ ಕಿಟಕಿಯಿಂದ ನುಗ್ಗಿ ಎಲೆಯ ತುದಿಗಳನ್ನು ಸುಡುತ್ತದೆ. ಅಲ್ಲಿ ಗಿಡಗಳನ್ನು ಕಿಟಕಿಯಿಂದ ಎರಡು ಅಡಿ ಒಳಗೆ ತಂದು ಗುಂಪಾಗಿ ಇಡಿ, ಒಂದರ ತೇವ ಇನ್ನೊಂದಕ್ಕೆ ಆಗುತ್ತದೆ. ಸ್ಪ್ರೇ ಬಾಟಲಿಯಿಂದ ಎಲೆಗೆ ನೀರು ಚಿಮುಕಿಸುವುದರಿಂದ ಹೆಚ್ಚೇನೂ ಉಪಯೋಗವಿಲ್ಲ, ಹತ್ತು ನಿಮಿಷದಲ್ಲಿ ಆರಿಹೋಗುತ್ತದೆ.

ಬೋರ್‌ವೆಲ್ ನೀರಿನ ವಿಷಯ ಹೇಳಲೇಬೇಕು. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರೇ ಗತಿ, ಅದು ಗಡಸು. ಕುಂಡದ ಅಂಚಿಗೆ, ಮಣ್ಣಿನ ಮೇಲೆ ಬಿಳಿ ಪುಡಿಯಂಥದ್ದು ಕಟ್ಟಿದ್ದು ನೋಡಿದ್ದೀರಲ್ವಾ, ಅದು ಇದೇ ಉಪ್ಪು. ಎರಡು ಮೂರು ತಿಂಗಳಿಗೊಮ್ಮೆ ಕುಂಡವನ್ನು ಬಾತ್‌ರೂಮಿಗೆ ಒಯ್ದು ಕುಂಡದ ಎರಡರಷ್ಟು ನೀರನ್ನು ನಿಧಾನವಾಗಿ ಸುರಿದು ಹರಿಯಬಿಟ್ಟರೆ ಉಪ್ಪು ತೊಳೆದುಹೋಗುತ್ತದೆ. ಇದಕ್ಕೆ ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಎಸಿಯಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ, ಅದರಲ್ಲಿ ಲವಣ ಇರುವುದಿಲ್ಲ. ಆದರೆ ಆರ್‌ಒ ಮೆಷಿನ್ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕಬೇಡಿ. ಶೋಧಿಸಿ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ನೀರು ಉಳಿಸುವ ಆಸೆ ಒಳ್ಳೆಯದೇ, ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಮಣ್ಣು

ನರ್ಸರಿಯ ಕಪ್ಪು ಕವರಿನಲ್ಲಿ ಬರುವುದು ಬಹುಪಾಲು ಕೆಂಪು ಮಣ್ಣು. ಹೊರಗೆ ಬಿಸಿಲಿನಲ್ಲಿ ಅದು ಸರಿ. ಮನೆಯೊಳಗೆ ಅದು ಗಟ್ಟಿಯಾಗಿ ಕೂರುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ತಂದು ಎರಡು ವಾರ ಹಾಗೇ ಬಿಟ್ಟು, ಗಿಡ ಮನೆಗೆ ಹೊಂದಿಕೊಂಡ ಮೇಲೆ ಬದಲಿಸಿ. ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ದಪ್ಪ ಮರಳು ಅಥವಾ ಇದ್ದಿಲ ಚೂರು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಹೆಚ್ಚಿನ ಗಿಡಗಳಿಗೆ ಇಷ್ಟು ಸಾಕು. ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ, ಎರಡು ಸಲ ನೀರು ಹಿಂಡಿ ತೆಗೆದೇ ಬಳಸಿ, ತೆಂಗಿನ ನಾರಿನಲ್ಲಿ ಉಪ್ಪು ಉಳಿದಿರುತ್ತದೆ. ಹಳೆಯ ಕುಂಡಕ್ಕಿಂತ ಎರಡು ಇಂಚು ಮಾತ್ರ ದೊಡ್ಡ ಕುಂಡ ತೆಗೆದುಕೊಳ್ಳಿ. ಬೆಳೆಯಲಿ ಅಂತ ಒಂದೇ ಸಲಕ್ಕೆ ದೊಡ್ಡದಕ್ಕೆ ಹಾಕಿದರೆ ಬೇರು ತಲುಪದ ಮಣ್ಣಿನಲ್ಲಿ ನೀರು ನಿಂತು ಕೊಳೆಯುತ್ತದೆ.

ಅಕ್ಕಿ ತೊಳೆದ ನೀರು, ಟೀ ಪುಡಿ, ಬಾಳೆಹಣ್ಣಿನ ಸಿಪ್ಪೆ, ಇವೆಲ್ಲ ಹಿತ್ತಲಿನ ಗಿಡಕ್ಕೆ ಹಾಕಿ. ಒಳಗಿನ ಕುಂಡದ ಮೇಲೆ ಹಾಕಿದರೆ ಬೂಸ್ಟು ಹಿಡಿಯುತ್ತದೆ, ವಾಸನೆ ಬರುತ್ತದೆ, ಸಣ್ಣ ಕಪ್ಪು ನೊಣಗಳು ಮನೆ ತುಂಬುತ್ತವೆ. ಗೊಬ್ಬರವೆಂದರೆ ಗಿಡ ಚಿಗುರುವ ತಿಂಗಳುಗಳಲ್ಲಿ 19:19:19 ಪುಡಿಯನ್ನು (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ ಗೊಬ್ಬರ) ಲೀಟರಿಗೆ ಒಂದು ಗ್ರಾಂ ಕರಗಿಸಿ ತಿಂಗಳಿಗೊಮ್ಮೆ ಕೊಟ್ಟರೆ ಆಯಿತು.

ಯಾವ ಗಿಡ, ಯಾವ ಕಷ್ಟ

ಮನಿಪ್ಲಾಂಟ್ ಇಲ್ಲದ ಮನೆ ಹುಡುಕುವುದು ಕಷ್ಟ. ಕದ್ದು ತಂದರೇ ಚೆನ್ನಾಗಿ ಬರುತ್ತದೆ ಅನ್ನುವ ನಂಬಿಕೆಯೂ ಇದೆ, ಕೇಳಿ ತಂದರೂ ಅಷ್ಟೇ ಚೆನ್ನಾಗಿ ಬರುತ್ತದೆ, ತುಂಡಿನಲ್ಲಿ ಒಂದು ಗಿಣ್ಣು ಇರಬೇಕು ಅಷ್ಟೇ. ಎಲೆ ಮಾತ್ರ ಕಿತ್ತು ನೀರಿಗೆ ಇಟ್ಟರೆ ಅದು ತಿಂಗಳುಗಟ್ಟಲೆ ಹಸಿರಾಗಿರಬಹುದು, ಬಳ್ಳಿ ಮಾತ್ರ ಹೊರಡುವುದಿಲ್ಲ. ಇದು ಕತ್ತಲೆಯಲ್ಲೂ ಬದುಕುತ್ತದೆ ಅನ್ನುವುದು ನಿಜ, ಆದರೆ ಬದುಕುವುದೇ ಬೇರೆ, ಬೆಳೆಯುವುದೇ ಬೇರೆ. ಗಿಣ್ಣಿನಿಂದ ಗಿಣ್ಣಿಗೆ ಅಂತರ ಉದ್ದವಾಗಿ, ಎಲೆ ಸಣ್ಣದಾಗಿ, ಹಳದಿ ಮಚ್ಚೆಗಳು ಮಾಯವಾದರೆ ಗಿಡ ಬೆಳಕು ಕೇಳುತ್ತಿದೆ. ನೇತಾಡಲು ಬಿಟ್ಟ ಬಳ್ಳಿಯ ಎಲೆ ಸಣ್ಣದೇ ಆಗುತ್ತಾ ಹೋಗುತ್ತದೆ. ಅದೇ ಬಳ್ಳಿಯನ್ನು ತೆಂಗಿನ ನಾರು ಸುತ್ತಿದ ಕಂಬಕ್ಕೆ ಹತ್ತಿಸಿ ನೋಡಿ, ಎಲೆ ಒಂದಕ್ಕಿಂತ ಒಂದು ದೊಡ್ಡದಾಗುತ್ತದೆ. ತುದಿ ಕತ್ತರಿಸಲು ಹೆದರಬೇಡಿ. ಕತ್ತರಿಸಿದಲ್ಲಿ ಹೊಸ ಕುಡಿ ಬರುತ್ತದೆ, ಕತ್ತರಿಸಿದ ತುಂಡನ್ನು ಅದೇ ಕುಂಡದಲ್ಲಿ ಊರಿದರೆ ಬುಡ ತುಂಬಿಕೊಳ್ಳುತ್ತದೆ.

ಸ್ನೇಕ್ ಪ್ಲಾಂಟ್ ಮತ್ತು ಜೀಜೀ ಪ್ಲಾಂಟ್ ಎರಡೂ ಆಫ್ರಿಕಾದ ಗಿಡಗಳು, ಒಣ ಕಾಲ ಕಳೆಯಲು ನೀರು ಕೂಡಿಟ್ಟುಕೊಳ್ಳುತ್ತವೆ. ಮೊದಲನೆಯದು ದಪ್ಪ ಎಲೆಯಲ್ಲಿ, ಎರಡನೆಯದು ಮಣ್ಣಿನೊಳಗಿನ ಗೆಡ್ಡೆಯಲ್ಲಿ. ಇವನ್ನು ಕೊಲ್ಲುವುದು ಅತಿಯಾದ ಪ್ರೀತಿ. ಮಣ್ಣು ಪೂರ್ತಿ ಒಣಗಿದ ಮೇಲೂ ಕೆಲವು ದಿನ ಕಾಯಿರಿ. ಬೆಳಕು ಕಮ್ಮಿ ಇರುವ ಕೋಣೆಯಲ್ಲಿ ಜೀಜೀಗೆ ತಿಂಗಳಿಗೊಮ್ಮೆ ನೀರು ಹಾಕಿದರೆ ಸಾಕಾಗುತ್ತದೆ. ಸ್ನೇಕ್ ಪ್ಲಾಂಟಿನ ಎಲೆ ಬುಡದಲ್ಲಿ ಮೆತ್ತಗಾಗಿ ವಾಲಿದರೆ ಕೊಳೆತ ಶುರುವಾಗಿದೆ ಅಂತ ಅರ್ಥ. ಕೂಡಲೇ ಕಿತ್ತು, ಕಂದಾಗಿ ಮೆತ್ತಗಾದ ಬೇರನ್ನೆಲ್ಲ ಕತ್ತರಿಸಿ, ಎರಡು ದಿನ ನೆರಳಿನಲ್ಲಿ ಒಣಗಿಸಿ, ಒಣ ಮಣ್ಣಿನಲ್ಲಿ ನೆಟ್ಟು ವಾರ ಬಿಟ್ಟು ನೀರು ಕೊಡಿ. ಹಳದಿ ಅಂಚಿನ ಜಾತಿಯನ್ನು ಎಲೆಯ ತುಂಡಿನಿಂದ ಮಾಡಲು ಹೋಗಬೇಡಿ, ಹೊಸ ಗಿಡ ಬರುತ್ತದೆ ಆದರೆ ಹಳದಿ ಅಂಚು ಬರುವುದಿಲ್ಲ. ಅದನ್ನು ಬುಡದಲ್ಲಿ ಪಾಲು ಮಾಡಿಯೇ ನೆಡಬೇಕು.

ಪೀಸ್ ಲಿಲಿ ನೀರು ಬೇಕಾದಾಗ ತಾನೇ ಎಲೆ ಇಳಿಬಿಟ್ಟು ಹೇಳುತ್ತದೆ, ಹಾಕಿದ ಕೆಲವೇ ಗಂಟೆಯಲ್ಲಿ ಎದ್ದು ನಿಲ್ಲುತ್ತದೆ. ಹೊಸಬರು ನೀರಿನ ಲೆಕ್ಕ ಕಲಿಯಲು ಇದಕ್ಕಿಂತ ಒಳ್ಳೆಯ ಗಿಡ ಇಲ್ಲ. ಆದರೆ ಮಣ್ಣು ಹಸಿಯಾಗಿದ್ದೂ ಎಲೆ ಇಳಿದಿದ್ದರೆ ಎಚ್ಚರ, ಅದು ಬೇರು ಕೊಳೆತ ಲಕ್ಷಣ. ಹೂವು ಬರುತ್ತಿಲ್ಲ ಅಂದರೆ ಕಿಟಕಿಗೆ ಹತ್ತಿರ ಸರಿಸಿ, ನೇರ ಬಿಸಿಲು ಮಾತ್ರ ಬೇಡ.

ಅರೇಕಾ ಪಾಮ್ ಬಗ್ಗೆ ಬರುವ ದೂರು ಒಂದೇ, ಎಲೆಯ ತುದಿ ಕಂದಾಗುವುದು. ಗಡಸು ನೀರು, ಒಣ ಗಾಳಿ, ಎರಡೂ ಕಾರಣ. ಮೇಲೆ ಹೇಳಿದ ಹಾಗೆ ಮಣ್ಣು ತೊಳೆಯಿರಿ, ಎಸಿಯ ಗಾಳಿ ನೇರವಾಗಿ ಬೀಳದ ಹಾಗೆ ಇಡಿ. ಎಲೆಯ ಅಡಿಯಲ್ಲಿ ಸಣ್ಣ ಬಲೆ, ಮೇಲೆ ಮಾಸಲು ಚುಕ್ಕೆಗಳು ಕಂಡರೆ ನುಸಿ ಬಿದ್ದಿದೆ. ಬೇಸಿಗೆಯಲ್ಲಿ ಇದು ಸಾಮಾನ್ಯ, ಷವರ್ ಕೆಳಗೆ ಎಲೆಯ ಎರಡೂ ಬದಿ ಜೋರಾಗಿ ತೊಳೆದರೆ ಬಹುಪಾಲು ಹೋಗುತ್ತದೆ, ವಾರಕ್ಕೊಮ್ಮೆ ಮೂರು ನಾಲ್ಕು ಸಲ ಮಾಡಬೇಕು.

ರಬ್ಬರ್ ಗಿಡ ನಮ್ಮದೇ ದೇಶದ್ದು. ಮೇಘಾಲಯದಲ್ಲಿ ಖಾಸಿ ಜನ ಬೇರುಗಳನ್ನು ಹೆಣೆದು ಜೀವಂತ ಸೇತುವೆ ಕಟ್ಟುತ್ತಾರಲ್ಲ, ಅದೇ ಮರ. ಕಾಡಿನಲ್ಲಿ ಅಷ್ಟು ದೊಡ್ಡದಾಗುವ ಮರ ಮನೆಯೊಳಗೆ ಮಂದ ಬೆಳಕಿನಲ್ಲಿ ಖುಷಿಯಾಗಿ ಇರುವುದಿಲ್ಲ, ಮನೆಯ ಒಳ್ಳೆಯ ಕಿಟಕಿಯನ್ನು ಇದಕ್ಕೇ ಬಿಟ್ಟುಕೊಡಿ. ಪದೇ ಪದೇ ಜಾಗ ಬದಲಿಸಿದರೆ ಎಲೆ ಉದುರಿಸುತ್ತದೆ. ಅಗಲ ಎಲೆಯ ಮೇಲೆ ಕೂತ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ.

ತುಳಸಿಯನ್ನು ದೇವರ ಕೋಣೆಯ ಒಳಗೆ ಇಟ್ಟು ಒಣಗಿಸಬೇಡಿ. ಅದಕ್ಕೆ ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೇಕು, ಬಾಲ್ಕನಿ ಇಲ್ಲದಿದ್ದರೆ ಪೂರ್ವದ ಕಿಟಕಿಯ ಗ್ರಿಲ್ ಹೊರಗೆ ಇಡಿ.

ನಾನು ಎಲ್ಲರಿಗೂ ಹೇಳುವ ಗಿಡ ವೀಳ್ಯದೆಲೆ ಬಳ್ಳಿ. ಇದನ್ನು ಮನೆಗಿಡ ಅಂತ ಯಾರೂ ಮಾರುವುದಿಲ್ಲ, ಆದರೆ ನಮ್ಮ ಮನೆಗಳ ಬೆಳಕಿಗೆ ಇದರಷ್ಟು ಒಗ್ಗುವ ಬಳ್ಳಿ ಕಮ್ಮಿ. ಮಲೆನಾಡು, ಕರಾವಳಿಯಲ್ಲಿ ಅಡಿಕೆ ಮರಕ್ಕೆ ಹಬ್ಬಿ, ತೋಟದ ನೆರಳಿನಲ್ಲೇ ಬೆಳೆಯುತ್ತದೆ, ಸೋಸಿ ಬಂದ ಬೆಳಕು, ತೇವದ ಗಾಳಿ ಎರಡೂ ಅದಕ್ಕೆ ಇಷ್ಟ. ಪೂರ್ವದ ಕಿಟಕಿ ಅಥವಾ ಯುಟಿಲಿಟಿಯ ಗ್ರಿಲ್ ಪಕ್ಕ ಚೆನ್ನಾಗಿ ಬರುತ್ತದೆ, ಬಟ್ಟೆ ಒಣಗುವ ಜಾಗದ ತೇವವೂ ಅದಕ್ಕೆ ಉಪಕಾರವೇ. ಎರಡು ಮೂರು ಗಿಣ್ಣಿರುವ ಬಳ್ಳಿಯ ತುಂಡು ತಂದು, ಒಂದು ಗಿಣ್ಣು ಮಣ್ಣೊಳಗೆ ಹೋಗುವಂತೆ ನೆಟ್ಟು, ಬೇರು ಬರುವ ತನಕ ಮೇಲೆ ಪಾರದರ್ಶಕ ಕವರ್ ಮುಚ್ಚಿ. ಮಳೆಗಾಲದ ಶುರುವಿನಲ್ಲಿ ನೆಟ್ಟರೆ ಬೇಗ ಹಿಡಿಯುತ್ತದೆ. ಹತ್ತಲು ನಾರು ಸುತ್ತಿದ ಕಂಬ ಕೊಡಿ. ಮಣ್ಣು ತೇವವಾಗಿರಬೇಕು, ಆದರೆ ನೀರು ನಿಲ್ಲಬಾರದು. ವೀಳ್ಯದೆಲೆ ಬೆಳೆಗಾರರನ್ನು ಮಳೆಗಾಲದಲ್ಲಿ ಹೆಚ್ಚು ಕಾಡುವುದು ಬುಡ ಕೊಳೆಯುವ ರೋಗವೇ. ಎಲೆ ಕೀಳಲು ಅವಸರ ಬೇಡ, ಬಳ್ಳಿ ಎರಡು ಮೂರು ಅಡಿ ಏರಿದ ಮೇಲೆ ಕೆಳಗಿನ ಎಲೆಗಳಿಂದ ಶುರು ಮಾಡಿ. ಗೌರಿ ಹಬ್ಬಕ್ಕೆ, ಪೂಜೆಗೆ ಮನೆಯ ಬಳ್ಳಿಯಿಂದಲೇ ಎಲೆ ಕೊಯ್ಯುವ ಸಂತೋಷ ಬೇರೆ ಯಾವ ಮನೆಗಿಡವೂ ಕೊಡುವುದಿಲ್ಲ.

ಹುಳು, ಸೊಳ್ಳೆ, ಮಕ್ಕಳು

ಕುಂಡದ ಸುತ್ತ ಹಾರುವ ಸಣ್ಣ ಕಪ್ಪು ನೊಣಗಳು ಹಸಿ ಮಣ್ಣಿನಲ್ಲಿ ಮೊಟ್ಟೆ ಇಡುತ್ತವೆ. ಮೇಲಿನ ಎರಡು ಇಂಚು ಮಣ್ಣು ಒಣಗಲು ಬಿಡಿ, ಹಳದಿ ಅಂಟು ಕಾರ್ಡ್ ಚುಚ್ಚಿ, ಎರಡು ಮೂರು ವಾರದಲ್ಲಿ ಕಮ್ಮಿಯಾಗುತ್ತವೆ. ಎಲೆಯ ಸಂದಿಯಲ್ಲಿ ಬಿಳಿ ಹತ್ತಿಯ ಹಾಗೆ ಕಂಡರೆ ಹಿಟ್ಟು ತಿಗಣೆ. ಆ ಗಿಡವನ್ನು ಮೊದಲು ಬೇರೆ ಕೋಣೆಗೆ ಒಯ್ಯಿರಿ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದನ್ನೂ ಒರೆಸಿ ತೆಗೆಯಿರಿ. ಆಮೇಲೆ ಲೀಟರ್ ನೀರಿಗೆ ಐದು ಎಂಎಲ್ ಬೇವಿನ ಎಣ್ಣೆ, ಕೆಲವು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ, ವಾರಕ್ಕೊಮ್ಮೆಯಂತೆ ತಿಂಗಳು ಬಿಡದೆ ಮಾಡಿ.

ಸೊಳ್ಳೆಯ ವಿಷಯದಲ್ಲಿ ಉದಾಸೀನ ಬೇಡ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಮನೆಯ ಸುತ್ತಮುತ್ತ ನಿಂತ ಶುದ್ಧ ನೀರಿನಲ್ಲೇ. ಕುಂಡದ ತಟ್ಟೆ, ಮನಿಪ್ಲಾಂಟ್ ಬಾಟಲಿ ಅದಕ್ಕೆ ಸರಿಯಾದ ಜಾಗ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನ ಬೇಕು, ಆದ್ದರಿಂದ ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಂಡು ಬಾಟಲಿಯ ನೀರು ಚೆಲ್ಲಿ, ಒಳಗಿನ ಗೋಡೆಯನ್ನು ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಬರೀ ನೀರು ಬದಲಿಸಿದರೆ ಗೋಡೆಗೆ ಅಂಟಿದ ಮೊಟ್ಟೆ ಹಾಗೇ ಉಳಿಯುತ್ತದೆ.

ತೆವಳುವ ಮಗು, ಬೆಕ್ಕು, ನಾಯಿ ಇರುವ ಮನೆಯಲ್ಲಿ ಮನಿಪ್ಲಾಂಟ್, ಪೀಸ್ ಲಿಲಿ, ಜೀಜೀ, ಡೀಫನ್‌ಬೇಕಿಯಾ ಇವನ್ನೆಲ್ಲ ಕೈಗೆ ಎಟುಕದ ಎತ್ತರದಲ್ಲಿ ಇಡಿ. ಇವುಗಳ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಕಚ್ಚಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ. ಅರೇಕಾ ಪಾಮ್ ಆದರೆ ಭಯವಿಲ್ಲ.

ಗಾಳಿ ಶುದ್ಧ ಮಾಡುತ್ತವೆ ಅಂತ ಗಿಡ ಮಾರುವವರ ಮಾತಿಗೂ ಒಂದು ಹಿನ್ನೆಲೆ ಇದೆ. 1989ರಲ್ಲಿ ನಾಸಾ ಪ್ರಕಟಿಸಿದ ಅಧ್ಯಯನ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ನಡೆದದ್ದು. ಮನೆ ಹಾಗಿರುವುದಿಲ್ಲ. ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು 2019ರಲ್ಲಿ ಲೆಕ್ಕ ಹಾಕಿದಾಗ, ಕಿಟಕಿ, ಬಾಗಿಲ ಸಂದಿಯಿಂದ ತಾನಾಗಿ ಆಡುವ ಗಾಳಿಯಷ್ಟು ಕೆಲಸ ಮಾಡಲು ಒಂದೊಂದು ಚದರ ಮೀಟರಿಗೆ ಕನಿಷ್ಠ ಹತ್ತು ಗಿಡ ಬೇಕು ಅಂತ ಬಂತು, ಹೆಚ್ಚೆಂದರೆ ಸಾವಿರ. ಗಾಳಿಗೆ ಕಿಟಕಿ ತೆರೆಯಿರಿ. ಗಿಡ ಸಾಕುವುದು ಗಿಡದ ಮೇಲಿನ ಪ್ರೀತಿಗೆ ಅಂತಲೇ ಇರಲಿ.

ಇನ್ನು ಊರಿಗೆ ಹೋಗುವಾಗ. ದಸರಾ ರಜೆಗೆ ವಾರ, ಹತ್ತು ದಿನ ಮನೆ ಮುಚ್ಚುವುದಾದರೆ ಹೊರಡುವ ದಿನ ಎಲ್ಲಕ್ಕೂ ತುಂಬ ನೀರು ಕೊಟ್ಟು, ತಟ್ಟೆ ಖಾಲಿ ಮಾಡಿ, ಕಿಟಕಿಯಿಂದ ನಾಲ್ಕಡಿ ಹಿಂದೆ ಗುಂಪಾಗಿ ಇಡಿ. ಬೆಳಕು ಕಮ್ಮಿಯಾದಷ್ಟು ನೀರಿನ ಖರ್ಚೂ ಕಮ್ಮಿ. ಪರದೆ ಪೂರ್ತಿ ಎಳೆದು ಕತ್ತಲೆ ಮಾಡಿ ಹೋಗಬೇಡಿ. ಪೀಸ್ ಲಿಲಿ, ವೀಳ್ಯದೆಲೆಯಂಥ ಬಾಯಾರಿಕೆಯ ಗಿಡಕ್ಕೆ ದಪ್ಪ ಹತ್ತಿ ಬತ್ತಿಯ ಒಂದು ತುದಿ ಮಣ್ಣಿನೊಳಗೆ ಹೂತು, ಇನ್ನೊಂದು ತುದಿ ಪಕ್ಕದಲ್ಲಿ ಸ್ವಲ್ಪ ಎತ್ತರಕ್ಕೆ ಇಟ್ಟ ನೀರಿನ ಡಬ್ಬಿಯ ತಳ ಮುಟ್ಟುವಂತೆ ಇಳಿಸಿ, ಡಬ್ಬಿಯ ಮುಚ್ಚಳಕ್ಕೆ ಬತ್ತಿ ಹಿಡಿಯುವಷ್ಟೇ ತೂತು ಮಾಡಿ, ಸೊಳ್ಳೆಗೆ ದಾರಿ ಇರಬಾರದು. ಹೊರಡುವ ಹಿಂದಿನ ದಿನವೇ ಕಟ್ಟಿ ನೀರು ಏರುತ್ತಿದೆಯಾ ನೋಡಿಕೊಳ್ಳಿ. ಪಕ್ಕದ ಮನೆಯವರಿಗೆ ಕೀಲಿಕೈ ಕೊಟ್ಟು ಹೋಗುವುದಾದರೆ ಸ್ನೇಕ್ ಪ್ಲಾಂಟ್, ಜೀಜೀ ಕುಂಡಗಳಿಗೆ 'ನೀರು ಬೇಡ' ಅಂತ ಚೀಟಿ ಅಂಟಿಸಿ ಹೋಗಿ.